ಮಂಡಕ್ಕಿ ಭಟ್ಟಿಯಲ್ಲಿ ನಡತೆಯ ಪಾಠ

“ಬುದ್ಧಿ, ಕೈಕೆಳಗಿನ ಜನಕ್ಕೆ ನಡತೆ ಕಲಿಸೋದು ಹೇಗೆ?”

ಕೇಳಿದವನು ಪಂಚಾಕ್ಷರಿ. ಮಠದ ಅಡುಗೆಮನೆಯ ಮೇಲ್ವಿಚಾರಣೆ ಅವನದು. ಹಾಸ್ಟೆಲಿನ ಮಕ್ಕಳೆಲ್ಲ ಉಣ್ಣುವುದು ಅದೇ ಅಡುಗೆಮನೆಯ ಅನ್ನ. ಸಣ್ಣವನಿದ್ದಾಗಿನಿಂದ ಗುರುಗಳ ಬಳಿಯೇ ಬೆಳೆದವನು, ಮೈಗಳ್ಳನಲ್ಲ, ಕೈ ಶುದ್ಧ.

ಆ ದಿನ ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು. ಅಡುಗೆಮನೆಯಿಂದ ಒಬ್ಬರ ಹಿಂದೆ ಒಬ್ಬರು ಕೆಲಸ ಬಿಟ್ಟು ಹೋಗುತ್ತಿದ್ದರು. ಸಾರು ಮಾಡುವ ನಿಂಗಮ್ಮನೂ ಬೆಳಿಗ್ಗೆ ಸೌಟು ಕೆಳಗಿಟ್ಟು ಹೊರಟುಹೋಗಿದ್ದಳು. ನಿಂಗಮ್ಮನಿಲ್ಲದ ದಿನ ಮಕ್ಕಳು ಬರೀ ಮಜ್ಜಿಗೆ ಅನ್ನ ಉಂಡು ಏಳುತ್ತಾರೆ. ಹೀಗೇ ಆದರೆ ನಾಳೆ ಒಲೆ ಹಚ್ಚುವುದಕ್ಕೂ ಜನ ಇರುವುದಿಲ್ಲ ಎಂಬ ಹೆದರಿಕೆ ಅವನದು.

“ಪಟ್ಟಣದಿಂದ ಮೇಷ್ಟ್ರನ್ನ ಕರೆಸಿ ತರಬೇತಿ ಕೊಡಿಸಿದೆ ಬುದ್ಧಿ. ಕೆಲಸದ ಜಾಗದಲ್ಲಿ ಹೇಗೆ ಮಾತಾಡಬೇಕು, ಕಾನೂನು ಏನು ಹೇಳುತ್ತೆ, ಎಲ್ಲಾ ಹೇಳಿಸಿದೆ. ಗೋಡೆ ಮೇಲೂ ಬರೆಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಒಬ್ಬರಿಗೊಬ್ಬರು ಮರ್ಯಾದೆ ಕೊಡಿ ಅಂತ ಆ ದಂಡಪಿಂಡಗಳಿಗೆ ದಿನಾ ಗಂಟಲು ಹರ್ಕೊಂಡು ಹೇಳ್ತೀನಿ. ಕೇಳೋರೇ ಇಲ್ಲ.”

ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಒಂದು ರಾಶಿ ಕಾಯನ್ನು ಶಿಷ್ಯನ ಮುಂದೆ ತಳ್ಳಿದರು.

“ಸುಲೀತಾ ಕೇಳು,” ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸಾವ್ಕಾರನಿದ್ದ. ಅವನದೊಂದು ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುವ ಕೆಲಸ. ಒಲೆಯ ಮುಂದೆ ಗಂಡಸರು, ಮಂಡಕ್ಕಿಯಿಂದ ಮರಳು ಜರಡಿ ಹಿಡಿಯಲು ಹೆಂಗಸರು. ಸಾವ್ಕಾರ ದೇವರಿಗೆ ಹೆದರುವವನು. ಇರುವೆಯ ಗೂಡಿಗೆ ಸಕ್ಕರೆ ಹಾಕಿಯೇ ಕಾಫಿ ಕುಡಿಯುವವನು. ಆಳುಗಳನ್ನು ಮಾತ್ರ ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. ಒಬ್ಬ ಕತ್ತೆ, ಒಬ್ಬ ಕೋಣ, ಒಬ್ಬಳು ಮೂದೇವಿ. ಕತ್ತೆ ಎಂದರೆ ಯಾರು, ಕೋಣ ಎಂದರೆ ಯಾರು ಎಂಬುದು ಭಟ್ಟಿಯವರಿಗೆಲ್ಲ ಬಾಯಿಪಾಠವಾಗಿತ್ತು. ಒಂದು ಸಲ ಭತ್ತಕ್ಕೆ ಬಾಯಿ ಹಾಕಿದ ಬೀದಿಯ ಕತ್ತೆಯನ್ನು ಸಾವ್ಕಾರ ಗದರಿಸಿದ. ಒಲೆಯ ಮುಂದಿನ ಆಳು ಎದ್ದು ಬಂದು ಕೈಕಟ್ಟಿ ನಿಂತ.

ಆ ಭಟ್ಟಿಯಲ್ಲಿ ಜರಡಿ ಹಿಡಿಯುವವಳೊಬ್ಬಳಿಗೆ ಹಾಲು ಕುಡಿಯುವ ಕೂಸಿತ್ತು. ಕೂಸನ್ನು ಮನೆಯಲ್ಲಿ ಅತ್ತೆಯ ಮಡಿಲಿಗೆ ಹಾಕಿ ಬರುತ್ತಿದ್ದಳು. ಮಧ್ಯಾಹ್ನ ಒಂದು ಗಳಿಗೆ ಹೋಗಿ ಹಾಲು ಕೊಟ್ಟು ಬರುತ್ತೇನೆ ಎಂದು ಕೇಳುತ್ತಿದ್ದಳು. ಸಾವ್ಕಾರನ ಉತ್ತರ ದಿನವೂ ಒಂದೇ.

“ಏನಮ್ಮಾ, ಇಲ್ಲಿಗೆ ಜರಡಿ ಹಿಡಿಯೋಕೆ ಬಂದಿದ್ದೀಯೋ, ಮಗು ಸಾಕೋಕೆ ಬಂದಿದ್ದೀಯೋ?”

ಕೊನೆಗೊಂದು ದಿನ, ಹೇಳದೆ ಕೇಳದೆ ಎದ್ದು ಹೋದರೆ ಮತ್ತೆ ಈ ಕಡೆ ತಲೆ ಹಾಕಬೇಡ ಎಂದೂ ಅಂದುಬಿಟ್ಟ. ಹೋಗದಿದ್ದರೆ ಕೂಸಿಗೆ ಹಾಲಿಲ್ಲ, ಹೋದರೆ ಮನೆಗೆ ಅನ್ನವಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಜರಡಿ ಆಡಿಸಿದಳು. ಹೊತ್ತು ನೆತ್ತಿಗೆ ಬಂದರೆ ಅವಳ ರವಿಕೆ ಒದ್ದೆಯಾಗುತ್ತಿತ್ತು. ಅದನ್ನು ಕಂಡು ಜೊತೆಯ ಹೆಂಗಸರ ಕರುಳು ಕಿತ್ತು ಬರುತ್ತಿತ್ತು.

ಅಷ್ಟರಲ್ಲಿ ಸರ್ಕಾರದ ಕಟ್ಟಳೆಯೊಂದು ಬಂತು. ಆಳುಗಳನ್ನಿಟ್ಟು ದುಡಿಸುವವರು ಯಾರೇ ಆಗಲಿ, ತಿಂಗಳಿಗೊಮ್ಮೆ ಆಳುಗಳ ಜೊತೆ ತಾವೂ ಕೂತು ನಡತೆಯ ಪಾಠ ಕೇಳಬೇಕು. ಪಾಠ ಹೇಳಲು ಒಬ್ಬ ಮೇಷ್ಟ್ರು ಬಂದರು. ಸಾವ್ಕಾರ ಅವರಿಗೆ ಹಾರ ಹಾಕಿದ. ಮುಂದಿನ ಸಾಲಿನಲ್ಲಿ ಕೂತು ಪ್ರತಿ ಮಾತಿಗೂ ತಲೆದೂಗಿದ. ನಡುನಡುವೆ ಹಿಂದೆ ತಿರುಗಿ, “ಕೇಳಿಸ್ಕೊಂಡ್ರೇನ್ರೋ?” ಎಂದು ಆಳುಗಳನ್ನು ಗದರಿಸಿದ.

ಮೇಷ್ಟ್ರು ಹೇಳಿದ್ದು ಬಹಳವೇನಲ್ಲ. ಕೆಲಸದವರನ್ನು ಗೌರವದಿಂದ ಕರೆಯಬೇಕು. ಬೆಂಕಿಯ ಮುಂದೆ ದುಡಿಯುವವರಿಗೆ ನಡುವೆ ಬಿಡುವು ಕೊಡಬೇಕು. ಹಾಲೂಡಿಸುವ ತಾಯಿಗಂತೂ ಅದು ಹಕ್ಕು. ಯಾರಾದರೂ ದೂರು ತಂದರೆ ಯಜಮಾನ ಕೂತು ಕೇಳಬೇಕು.

ಸಾವ್ಕಾರ ಮರುದಿನವೇ ಎಲ್ಲವನ್ನೂ ಜಾರಿಗೆ ತಂದ. ಬೆಳಿಗ್ಗೆ ಬಂದವನೇ ಕೈಮುಗಿದು, “ಕತ್ತೆಯವರೇ, ದಯವಿಟ್ಟು ಬೆಂಕಿ ಜೋರು ಮಾಡಿ,” ಎಂದ. ಮಧ್ಯಾಹ್ನ ಬಿಡುವಿನ ಗಂಟೆ ಹೊಡೆಸಿದ. ಸುಮ್ಮನೆ ಕೂತರೆ ಮೈ ಜಡ್ಡುಗಟ್ಟುತ್ತದೆ ಎಂದು, ಬಿಡುವಿನ ಹೊತ್ತಿಗೆ ಮೂಟೆ ಹೊಲಿಯಲು ಎಲ್ಲರಿಗೂ ದಬ್ಬಳ ಹಂಚಿದ. ದೂರು ಕೇಳುವುದಕ್ಕೆಂದೇ ಒಂದು ಕುರ್ಚಿ ಹಾಕಿಸಿದ. ಹಾಕಿಸಿದ್ದು ಭಟ್ಟಿಯದೇ ಅಕ್ಕಿ ಗಿರಣಿಯ ಪಕ್ಕದಲ್ಲಿ. ಅದರಲ್ಲಿ ಅವನು ಕೂರುತ್ತಿದ್ದದ್ದು ಗಿರಣಿ ಓಡುವ ಹೊತ್ತಿನಲ್ಲಿ. ಕೂಸಿನ ತಾಯಿ ಬಂದು ನಿಂತು ತನ್ನ ಕಷ್ಟವನ್ನೆಲ್ಲ ಹೇಳಿಕೊಂಡಳು. ಸಾವ್ಕಾರ ಕಿವಿಗೆ ಅಂಗೈ ಒಡ್ಡಿ, ಕೊನೆಯವರೆಗೂ ತಾಳ್ಮೆಯಿಂದ ಕೇಳಿ, “ಬಹಳ ಸಂತೋಷ ಕಣಮ್ಮ,” ಎಂದ.

ಇಲ್ಲಿಗೆ ಬರುವಷ್ಟರಲ್ಲಿ ಪಂಚಾಕ್ಷರಿಗೆ ನಗು ತಡೆಯಲಾಗಲಿಲ್ಲ. ಅವನ ಕೈಯ ಅವರೆಕಾಳು ಸಿಪ್ಪೆಯ ರಾಶಿಗೆ ಬಿತ್ತು. ಗುರುಗಳು ಅದನ್ನು ಹೆಕ್ಕಿ ಕಾಳಿನ ತಟ್ಟೆಗೆ ಹಾಕಿ ಮುಂದುವರಿಸಿದರು.

ತಿಂಗಳು ಕಳೆದು ಮೇಷ್ಟ್ರು ಮತ್ತೆ ಬಂದರು. ಭಟ್ಟಿಯ ಮೂಲೆಯಲ್ಲಿ ಒಂದಿಷ್ಟು ಹೊತ್ತು ಕೂತು ನೋಡಿದರು. ಕತ್ತೆಯವರನ್ನೂ ಕಂಡರು, ದಬ್ಬಳಗಳನ್ನೂ ಕಂಡರು, ಕುರ್ಚಿಯನ್ನೂ ಕಂಡರು. ಈ ಸಲ ಪಾಠ ಬೇಡ, ಒಂದು ಆಟ ಆಡೋಣ ಎಂದರು. ಆಳುಗಳಲ್ಲೇ ಒಬ್ಬರು ಯಜಮಾನರಾಗಬೇಕು, ಇನ್ನೊಬ್ಬರು ಆಳಾಗಬೇಕು. ಯಜಮಾನ ಹೇಗಿರುತ್ತಾನೆ ಎಂದು ಮಾಡಿ ತೋರಿಸಬೇಕು. ಒಬ್ಬರೂ ಏಳಲಿಲ್ಲ. ಹುಲಿವೇಷ ಯಾರು ಬೇಕಾದರೂ ಹಾಕಬಹುದು. ಹುಲಿಯ ಮುಂದೆಯೇ ಹಾಕುವವರು ಯಾರು?

ಕೊನೆಗೆ ಎದ್ದವಳು ಆ ಕೂಸಿನ ತಾಯಿ. ಕೂಸಿಗೆ ಹಿಂದಿನ ದಿನದಿಂದ ಮೈ ಬಿಸಿಯಾಗಿತ್ತು. ಆದದ್ದಾಗಲಿ, ಇವತ್ತು ಮಧ್ಯಾಹ್ನ ಹೋಗಿಯೇ ಬಿಡುವುದು ಎಂದು ಅವಳು ಬೆಳಿಗ್ಗೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹೇಗೂ ಹೋಗುವ ಕೆಲಸ, ಒಂದು ಸಲ ಬಾಯಿ ತುಂಬ ಮಾತಾಡಿಯೇ ಹೋಗೋಣ ಎನ್ನಿಸಿತು.

ಗೋಣಿಚೀಲವೊಂದನ್ನು ಶಾಲಿನ ಹಾಗೆ ಹೆಗಲಿಗೆ ಹಾಕಿಕೊಂಡಳು. ಕೆನ್ನೆಯೊಳಗೆ ಎಲೆಅಡಿಕೆ ತುರುಕಿದಳು. ಬೀಗದ ಕೈಯಿಂದ ಕಿವಿ ಕೆರೆದುಕೊಂಡಳು. ಇಲ್ಲದ ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ಭಟ್ಟಿಯ ತುಂಬ ಓಡಾಡಿದಳು. ಒಲೆಯ ಆಳು ತಲೆಗೆ ಟವೆಲು ಹೊದ್ದು, ಜರಡಿ ಹಿಡಿದು, ಅವಳ ಪಾತ್ರಕ್ಕೆ ಕೂತ. ಕೂಸಿಗೆ ಹಾಲು ಕೊಟ್ಟು ಬರ್ತೀನಿ ಧಣಿ ಎಂದು ಹೆಣ್ಣುದನಿಯಲ್ಲಿ ಬೇಡಿದ.

“ಏನಮ್ಮಾ,” ಎಂದು ಅವಳು ಗುಡುಗಿದಳು, “ಇಲ್ಲಿಗೆ ಜರಡಿ ಹಿಡಿಯೋಕೆ ಬಂದಿದ್ದೀಯೋ, ಮಗು ಸಾಕೋಕೆ ಬಂದಿದ್ದೀಯೋ?”

ಎಲ್ಲರ ಕಣ್ಣೂ ಸಾವ್ಕಾರನ ಮೇಲೆ.

ಸಾವ್ಕಾರ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಟದಲ್ಲಿ ಮತ್ತೆ ಕೂಸಿನ ಮಾತು ಬಂದಾಗ ಅಳತೊಡಗಿದ. ಬೀಗದ ಕೈಯಿಂದ ಕಿವಿ ಕೆರೆದುಕೊಳ್ಳುತ್ತಲೇ ಗಳಗಳನೆ ಅತ್ತ. “ಎಂಥ ಕಟುಕ ಇವನು! ಹಾಲುಗೂಸಿನ ತಾಯಿಗೆ ಹೀಗನ್ನೋದೇ? ಇವನ ಮನೆ ಹಾಳಾಗ!” ಎಂದು ಶಾಪ ಹಾಕಿದ. ಆಟ ಮುಗಿದ ಮೇಲೆ ತನ್ನ ಹೆಗಲ ಶಾಲನ್ನೇ ತೆಗೆದು ಅವಳಿಗೆ ಹೊದಿಸಿ ಸನ್ಮಾನ ಮಾಡಿದ.

“ಅವನು ಯಾರು ಅಂತ ನನಗೆ ಗೊತ್ತಾಯ್ತು ಬಿಡಮ್ಮ. ಆ ಹಿಂದಿನ ಬೀದಿ ಭಟ್ಟಿಯವನು ತಾನೇ? ಅಚ್ಚು ಇಳಿಸಿದ ಹಾಗಿದ್ದ! ನಾಳೆ ನೀವೆಲ್ಲ ಹೋಗಿ ಅವನ ಮುಂದೆ ಇದೇ ಆಟ ಆಡಿ. ಪಾಪ, ಅವನೂ ನಾಲ್ಕು ಒಳ್ಳೆ ಮಾತು ಕಲೀಲಿ.”

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಅವಳಿಗೆ ಮಾತ್ರ ಒಂದು ಆಸೆ ಹುಟ್ಟಿತು. ಇಷ್ಟು ಅತ್ತವನ ಎದೆ ಕರಗಿರಲೇಬೇಕು ಎನ್ನಿಸಿತು.

“ಹಾಗಾದ್ರೆ ನಾನೀಗ ಹೋಗಿ ಕೂಸಿಗೆ ಹಾಲು ಕೊಟ್ಟು ಬರಲಾ ಸಾವ್ಕಾರ್ರೆ?”

ಸಾವ್ಕಾರನ ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ.

“ಏನಮ್ಮಾ,” ಎಂದ, “ಇಲ್ಲಿಗೆ ಜರಡಿ ಹಿಡಿಯೋಕೆ ಬಂದಿದ್ದೀಯೋ, ಮಗು ಸಾಕೋಕೆ ಬಂದಿದ್ದೀಯೋ?”

ಅವಳು ಶಾಲನ್ನು ಮಡಿಸಿ ದೂರಿನ ಕುರ್ಚಿಯ ಮೇಲಿಟ್ಟು ಮನೆಗೆ ನಡೆದಳು. ಕೂಸನ್ನು ಎದೆಗೆ ಹಾಕಿಕೊಂಡು ಅತ್ತಳು. ಕೆಲಸವಂತೂ ಹೋಯಿತು. ಹೋದದ್ದಕ್ಕಿಂತ, ಒಂದು ಕ್ಷಣ ನಂಬಿಬಿಟ್ಟೆನಲ್ಲ ಎಂಬ ಅವಮಾನವೇ ಅವಳನ್ನು ಹೆಚ್ಚು ಸುಟ್ಟಿತು.

ಮರುದಿನ ಸಾವ್ಕಾರನ ಅಪ್ಪಣೆಯಂತೆ ಆಳುಗಳು ಹಿಂದಿನ ಬೀದಿಗೆ ಹೊರಟರು. ಅವಳಿಲ್ಲದೆ ಆಟವಿಲ್ಲ. ಮನೆಗೆ ಹೋಗಿ ಕಾಡಿ ಬೇಡಿ ಅವಳನ್ನೂ ಕರೆದೊಯ್ದರು. ಅಲ್ಲಿಯ ಭಟ್ಟಿಯವನ ಮುಂದೆ ಅದೇ ಗೋಣಿಚೀಲ, ಅದೇ ಬೀಗದ ಕೈ, ಅದೇ ಗುಡುಗು. ಅವನು ನಗಲಿಲ್ಲ. ಅರ್ಧ ಆಟಕ್ಕೆ ಅವನ ಮುಖ ಬಾಡಿತು. ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದ.

“ಅಮ್ಮಾ, ನಾನು ಅಷ್ಟು ಜೋರಾಗಿ ಕೂಗ್ತೀನಾ?”

“ನಾನು ನಿಮ್ಮನ್ನ ನೋಡಿದ್ದೇ ಇವತ್ತು ಸಾವ್ಕಾರ್ರೆ,” ಎಂದಳು ಅವಳು.

ಅವನು ತನ್ನ ಆಳುಗಳ ಕಡೆ ತಿರುಗಿದ. ಅವರೆಲ್ಲ ನೆಲ ನೋಡುತ್ತಿದ್ದರು. ಅವನಿಗೆ ಅಷ್ಟು ಸಾಕಾಯಿತು. ಆಟದ ಕೂಸು ಅವಳದೇ, ಕೆಲಸ ಹೋದದ್ದೂ ಅವಳದೇ ಎಂದು ಜೊತೆಯವರು ಹೇಳಿದಾಗ, ಕೂಸನ್ನು ಎಲ್ಲಿ ಬಿಟ್ಟಿದ್ದೀಯ ಎಂದು ಕೇಳಿದ. ಗೋದಾಮಿನ ಹಿಂದೆ ತಂಪಾಗಿದೆ, ತೊಟ್ಟಿಲು ಕಟ್ಟಿಸುತ್ತೇನೆ, ನಾಳೆಯಿಂದ ಕೂಸಿನ ಜೊತೆಗೇ ಕೆಲಸಕ್ಕೆ ಬಾ ಎಂದ.

ಅವನೇನೂ ಒಂದೇ ದಿನಕ್ಕೆ ಸಾಧುವಾಗಲಿಲ್ಲ. ಮರುದಿನವೂ ಕೂಗಿದ. ಅರ್ಧ ಕೂಗಿ ನಾಲಿಗೆ ಕಚ್ಚಿಕೊಂಡ. ಆಳುಗಳಿಗೆ ಆ ಕಚ್ಚಿಕೊಂಡ ನಾಲಿಗೆಯೇ ದೊಡ್ಡ ಮರ್ಯಾದೆಯಾಗಿ ಕಂಡಿತು. ಅವಳ ಹಿಂದೆ ಕತ್ತೆಯವರು ಬಂದರು, ಅವರ ಹಿಂದೆ ಕೋಣನವರು, ಆಮೇಲೆ ಉಳಿದವರೂ ಬಂದರು.

ಮೊದಲ ಸಾವ್ಕಾರನ ಭಟ್ಟಿಯಲ್ಲಿ ಮರಳು ತಣ್ಣಗಾಯಿತು. ಗಿರಣಿ ನಿಂತಿತು. ಮೇಷ್ಟ್ರು ಮುಂದಿನ ಪಾಠಕ್ಕೆ ಬಂದಾಗ ಸಾವ್ಕಾರ ಒಬ್ಬನೇ ದೂರಿನ ಕುರ್ಚಿಯಲ್ಲಿ ಕೂತಿದ್ದ.

“ನೋಡಿದ್ರಾ ಮೇಷ್ಟ್ರೇ, ಕಾಲ ಕೆಟ್ಟುಹೋಯ್ತು,” ಎಂದ. “ಆ ಜನಕ್ಕೆ ಎಷ್ಟು ಪಾಠ ಹೇಳಿಸಿದೆ! ಒಂದಕ್ಷರ ತಲೆಗೆ ಹತ್ತಲಿಲ್ಲ.”

ಗುರುಗಳು ಕತೆ ಮುಗಿಸಿ, ಮಡಿಲ ಸಿಪ್ಪೆ ಕೊಡವಿದರು.

ಪಂಚಾಕ್ಷರಿ ನಕ್ಕು ನಕ್ಕು ಸುಸ್ತಾಗಿದ್ದ. ಕೂಸಿನ ಕಡೆ ಬಂದಾಗ ಅವನ ಕಣ್ಣಲ್ಲೂ ನೀರಾಡಿತ್ತು. ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ನಿಂತ. ಅವನ ಎದೆಯ ಭಾರವೆಲ್ಲ ಇಳಿದಿತ್ತು.

“ಈಗ ಅರ್ಥವಾಯ್ತು ಬುದ್ಧಿ! ನಿಂಗಮ್ಮ ಯಾಕೆ ಹೋದಳು, ಮಿಕ್ಕವರು ಯಾಕೆ ಹೋದರು, ಎಲ್ಲಾ ಅರ್ಥವಾಯ್ತು. ಎಲ್ಲಾ ಆ ಉಗ್ರಾಣ ನೋಡ್ಕೊಳ್ಳೋ ರೇಣುಕಯ್ಯನ ಬಾಯಿಂದ! ನೀವು ಹೇಳಿದ ಸಾವ್ಕಾರ ಅಂದ್ರೆ ಅವನೇ, ಎತ್ತಿಟ್ಟ ಹಾಗಿದ್ದಾನೆ. ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೋರ ತಟ್ಟೇಲಿ ನೊಣ ಹುಡುಕೋ ಜಾತಿ. ಈಗಲೇ ಹೋಗಿ ಆ ದಂಡಪಿಂಡನ್ನ ಕಳಿಸ್ತೀನಿ. ದಯವಿಟ್ಟು ಅವನಿಗೂ ಒಂದು ಸಲ ಈ ಕತೆ ಹೇಳಿಬಿಡಿ ಬುದ್ಧಿ.”

ಗುರುಗಳು ಕಾಳಿನ ತಟ್ಟೆಯನ್ನು ಪಕ್ಕಕ್ಕಿಟ್ಟು ಅವನನ್ನು ನೋಡಿದರು.

“ರೇಣುಕಯ್ಯ ನಿನ್ನೆಯೇ ಬಂದು ಕೇಳಿಸಿಕೊಂಡು ಹೋದ ಕಣಪ್ಪ, ಇದನ್ನ ನಿನಗೆ ಹೇಳಲೇಬೇಕು ಅಂತ ಕಾಲು ಹಿಡಿದವನೇ ಅವನು.”