ಗೊರವಂಕನ ಬುರುಜು

ಹುಲ್ಲೇಕಲ್ಲಿನ ಹಾಳುಕೋಟೆಯಲ್ಲಿ ಈಗ ನೆಟ್ಟಗೆ ನಿಂತಿರುವುದು ಪಡುವಣ ಬುರುಜೊಂದೇ. ಮಿಕ್ಕ ಗೋಡೆಯೆಲ್ಲ ಜಾರಿ, ಕಲ್ಲಿನ ಸಂದಿಯಲ್ಲಿ ಸೀತಾಫಲದ ಗಿಡ ಎದ್ದಿದೆ. ಇಂಥ ಕೋಟೆ ಸೀಮೆಯಲ್ಲೇ ಇನ್ನೊಂದಿರಲಿಲ್ಲ ಬಿಡಿ. ಇದರ ನೆತ್ತಿಯಲ್ಲಿ ನಿಂತು ಸೀನಿದರೆ ಮೂರು ಹೋಬಳಿಯ ದನ ಬೆದರುತ್ತಿದ್ದವು. ಆದರೆ ಉಳಿದ ಈ ಬುರುಜಿಗೆ ವೀರನ ಹೆಸರಿಲ್ಲ, ಹಕ್ಕಿಯ ಹೆಸರಿದೆ. ಅದನ್ನು ಹೇಳುವಾಗ ಊರಿನವರ ದನಿ ತಗ್ಗುತ್ತದೆ.

ಹಿಂದೆ ಒಮ್ಮೆ, ಬೋರನಾಯಕನೆಂಬ ಪಾಳೆಯಗಾರ ಆಳುತ್ತಿದ್ದಾಗ, ಆ ಬುರುಜಿನ ಕಾವಲಿಗೆ ಪಾಲಯ್ಯನಿದ್ದ. ಅವನ ಕೂಗಿಗೆ ಎದುರು ಗುಡ್ಡದ ಬಂಡೆ ಬಿರುಕು ಬಿಟ್ಟಿತು ಎನ್ನುತ್ತಾರೆ. ಬಿರುಕು ಈಗಲೂ ಇದೆ. ಹೆಬ್ಬಾಗಿಲಿನಿಂದ "ಯಾರಿದ್ದೀರಿ?" ಎಂದು ಕೂಗಿದರೆ ಬುರುಜು ಬುರುಜಿನಿಂದಲೂ "ಇದ್ದೀನಿ" ಎಂಬ ಓ ಬರಬೇಕು, ಅದು ಕೋಟೆಯ ಕಟ್ಟಳೆ. ಶತ್ರುವಿನ ದಂಡು ಬಯಲಲ್ಲಿ ಬಿಡಾರ ಹೂಡಿದಾಗ ನಾಯಕ ಪಾಲಯ್ಯನ ಹೆಗಲು ತಟ್ಟಿ, "ಈ ಮುತ್ತಿಗೆ ಕಳೀಲಿ ಕಣೋ, ಬುರುಜಿಗೆ ನಿನ್ನ ಹೆಸರೇ ಇಡಿಸ್ತೀನಿ" ಅಂದ. ಅಂದಿನಿಂದ ಪಾಲಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಹೊಟ್ಟೆ ಕೇಳಬೇಕಲ್ಲ. ಬುರುಜಿಗೆ ಬರುತ್ತಿದ್ದ ಮುದ್ದೆ ತಣ್ಣಗಾಗಿ ಕಲ್ಲಾಗಿರುತ್ತಿತ್ತು. ಅವನು ಸಾಕಿದ ಗೊರವಂಕ ಹಕ್ಕಿ ಅವನ ದನಿಯಲ್ಲೇ "ಇದ್ದೀನಿ" ಎನ್ನಲು ಕಲಿತಿತ್ತು. ಒಂದು ಮಧ್ಯಾಹ್ನ ಅದನ್ನು ಬುರುಜಿನ ಗೋಡೆಗೆ ಕಟ್ಟಿ, ಕೋಟೆಯೊಳಗಿನ ತನ್ನ ಮನೆಗೆ ಇಳಿದು ಬಿಸಿ ಊಟಕ್ಕೆ ಕೂತ.

"ಅಲ್ಲಿ ಯಾರನ್ನ ಬಿಟ್ಟು ಬಂದೆ?" ಎಂದಳು ಹೆಂಡತಿ ಮಾರಕ್ಕ.

"ಗೊರವಂಕನ್ನ. ನನಗಿಂತ ಗಟ್ಟಿ ಆಳು ಅದು. ಸಾರು ಬಿಡು."

"ಅದಕ್ಕೆ ಈಟಿ ಹಿಡಿಯೋಕೂ ಕಲಿಸಿದ್ದೀಯಾ?"

ಪಾಲಯ್ಯ ನಕ್ಕ. ಹೆಬ್ಬಾಗಿಲಿನ ಕೂಗು ಕೇಳಿತು, ಹಿಂದೆಯೇ ಬುರುಜಿನಿಂದ ಗಟ್ಟಿಯಾಗಿ ಓ ಬಂತು. ಅವನು ಇನ್ನೊಂದು ಮುದ್ದೆಗೆ ಕೈ ಚಾಚಿದ. ಆ ಓ ಕೇಳಿ ಹೆಬ್ಬಾಗಿಲಿನವರೂ ನಿಶ್ಚಿಂತರಾದರು. ಶತ್ರುಗಳು ಏಣಿ ಹಾಕಿ ಹತ್ತುತ್ತಿದ್ದದ್ದು ಆ ಬುರುಜನ್ನೇ. ಪಾಲಯ್ಯ ಎಂಜಲು ಕೈಯಲ್ಲೇ ಓಡಿ ಬರುವಷ್ಟರಲ್ಲಿ ಕೋಟೆ ಕೈತಪ್ಪಿತ್ತು.

ಹೆಡೆಮುರಿ ಕಟ್ಟಿಸಿಕೊಂಡು ನಿಂತ ಬೋರನಾಯಕ, ಯಾರು ಉಳಿದರೆಂದು ತನ್ನವರನ್ನು ಹೆಸರು ಹಿಡಿದು ಕರೆದ. "ಪಾಲಯ್ಯ" ಎಂದಾಗ ಪಾಲಯ್ಯ ತಲೆ ತಗ್ಗಿಸಿದ. "ಇದ್ದೀನಿ" ಎಂದಿತು ಬುರುಜಿನ ಮೇಲಿನ ಗೊರವಂಕ. ನಾಯಕ ತಲೆಯೆತ್ತಿ ಅದನ್ನು ನೋಡಿದ. ಆಮೇಲೆ ಪಾಲಯ್ಯನ ಮುದ್ದೆ ಮೆತ್ತಿದ ಕೈ ನೋಡಿದ.

"ಬುರುಜಿಗೆ ಅಲ್ಲಿ ನಿಂತಿದ್ದೋರ ಹೆಸರೇ ಇರಲಿ ಬಿಡು" ಅಂದ.

ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಪಾಲಯ್ಯ ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಬಂಡೆ ಸೀಳಿದ ಗಂಟಲಿನವನು ಸಾಯುವತನಕ ಯಾರ ಕರೆಗೂ ಓಗೊಡಲಿಲ್ಲವಂತೆ.

ಬುರುಜು ನೋಡಲು ಬರುವವರಿಗೆ ಗುಡ್ಡದ ಬುಡದಲ್ಲಿ ಮಜ್ಜಿಗೆ ಮಾರುವ ಹೆಂಗಸೊಬ್ಬಳು ಸಿಗುತ್ತಾಳೆ, ಪಾಲಯ್ಯನ ಮನೆತನದವಳು. ಕೂಗಿ ಕರೆದರೆ ಅವಳು ಓಗೊಡುವುದಿಲ್ಲ. ಕಿವುಡಿ ಎಂದುಕೊಳ್ಳಬೇಡಿ. ಗಡಿಗೆಗೆ ಮುಚ್ಚಳ ಹಾಕಿ, ಎದ್ದು, ಕರೆದವರ ಎದುರಿಗೇ ಬಂದು ನಿಲ್ಲುತ್ತಾಳೆ.