ಬರಿಗಾಲಿನ ಚಿತ್ರ

ಸಿಂಚನ ಹೊಳೆದಂಡೆಯ ಗುರುವಿನ ಮನೆಗೆ ಬಂದಾಗ ಮಧ್ಯಾಹ್ನ. ತೀರಿಹೋದ ನಾಯಕ ಹೊನ್ನಯ್ಯನವರ ನೆನಪಿನ ದಿನ ಅದು. ಸಂಜೆ ಅವರ ಊರಿನಲ್ಲೇ, ಅವರ ಬಗ್ಗೆ ಅವಳು ಮಾಡಿದ ಮೂರು ಕಿರುಚಿತ್ರಗಳ ಪ್ರದರ್ಶನ.

ಚಪ್ಪಲಿ ಹೊರಗೆ ಬಿಟ್ಟು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಒಳಗೆ ಬಂದಳು.

“ಮೇಷ್ಟ್ರೇ, ಬೆಳಗ್ಗೆಯಿಂದ ಮೂರೂ ಚಿತ್ರ ಮತ್ತೆ ಮತ್ತೆ ನೋಡಿದೆ. ಏನೋ ತಪ್ಪಾಗಿದೆ. ಏನು ಅಂತ ಗೊತ್ತಾಗ್ತಿಲ್ಲ.”

“ಹಾಕು, ನೋಡೋಣ,” ಎಂದರು ಗುರು ಹಾಲಪ್ಪ.

ಮೊದಲನೆಯದರಲ್ಲಿ ಹೊನ್ನಯ್ಯನವರು ಭಾಷಣ ಮಾಡುತ್ತಿದ್ದ ಕಟ್ಟೆ, ಖಾಲಿ. ಎರಡನೆಯದರಲ್ಲಿ ಕತ್ತಲು, ಬರೀ ಚಪ್ಪಾಳೆ.

ಮೂರನೆಯದರಲ್ಲಿ ಪಾದಗಳು. ಹೊನ್ನಯ್ಯನವರ ಕೇರಿಯ ಜನ ಒಬ್ಬೊಬ್ಬರಾಗಿ ಅವರ ಪ್ರತಿಮೆಯ ಮೆಟ್ಟಿಲು ಹತ್ತುತ್ತಿದ್ದರು. ಒಡೆದ ಹಿಮ್ಮಡಿ, ಕಾಲುಂಗುರ, ಕಲ್ಲಿನ ಮೇಲೆ ಬಿಸಿಲು. ಮಾತಿಲ್ಲ.

“ಎಲ್ಲರೂ ಬರಿಗಾಲಲ್ಲೇ ಬಂದಿದ್ದರಾ?”

“ಇಲ್ಲ, ನಾನೇ ಬಿಚ್ಚಿ ಅಂದೆ. ಗೌರವ ಇರುತ್ತೆ ಅಂತ. ಫ್ರೇಮೂ ಚೆನ್ನಾಗಿ ಕಾಣುತ್ತೆ.”

“ಬಿಚ್ಚಿದರಾ?”

“ತಕ್ಷಣ. ಯಾಕೆ ಅಂತ ಯಾರೂ ಕೇಳಲಿಲ್ಲ. ಒಬ್ಬರು ಅಜ್ಜಿ ಮಾತ್ರ ಹವಾಯಿ ಚಪ್ಪಲಿ ಪಟಪಟ ಅನ್ನಿಸಿಕೊಂಡು ಹತ್ತಿಬಿಟ್ಟರು. ಆ ಶಾಟ್ ಚಿತ್ರದಿಂದ ತೆಗೆದು ಪಕ್ಕಕ್ಕಿಟ್ಟೆ.”

“ಅಜ್ಜಿ ಏನೂ ಅನ್ನಲಿಲ್ಲವಾ?”

“ಅಂದರು. ‘ಕಲ್ಲು ಕಾದದೆ, ಮೊದ್ಲು ನೀನು ಬಿಚ್ಚಿ ನಿಂತ್ಕೊ ಮಗ’ ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ.”

ಗುರುಗಳು ಹೊಳೆಯ ಕಡೆ ನೋಡಿದರು.

“ಹೊನ್ನಯ್ಯನವರು ಮೊದಲ ಸಲ ಜೈಲಿಗೆ ಹೋಗಿದ್ದು ಯಾತಕ್ಕೆ?”

ಅದು ಅವಳಿಗೆ ಬಾಯಿಪಾಠ. “ಮೇಲ್ಜಾತಿಯವರ ಬೀದಿಯಲ್ಲಿ ಕೇರಿಯವರು ಚಪ್ಪಲಿ ಕೈಯಲ್ಲಿ ಹಿಡಕೊಂಡು ನಡೀಬೇಕಿತ್ತು. ಇವರು ಎಲ್ಲರನ್ನೂ ಕರಕೊಂಡು, ಚಪ್ಪಲಿ ಹಾಕ್ಕೊಂಡೇ...”

ಪರದೆಯ ಮೇಲೆ ಬರಿಗಾಲುಗಳು ಇನ್ನೂ ಹತ್ತುತ್ತಿದ್ದವು.

ಅವಳು ಚಿತ್ರ ನಿಲ್ಲಿಸಿದಳು. “ಬಸ್ಸಿಗೆ ಇನ್ನೊಂದು ಗಂಟೆ ಇದೆ ಮೇಷ್ಟ್ರೇ. ಕೇರಿಯವರೆಲ್ಲ ಮುಂದಿನ ಸಾಲಲ್ಲೇ ಕೂತಿರ್ತಾರೆ. ಹೇಗೆ ಮುಖ ತೋರಿಸಲಿ? ಈ ಬರಿಗಾಲುಗಳನ್ನು ತೆಗೆದರೆ ಉಳಿಯೋದು, ಪಕ್ಕಕ್ಕಿಟ್ಟ ಅಜ್ಜಿಯ ಶಾಟ್ ಒಂದೇ.”

ಗುರುಗಳು ಎದ್ದು ಹೊರಗೆ ಹೋದರು. ಬಂದಾಗ ಅವರ ಕೈಯಲ್ಲಿ ಅವಳ ಚಪ್ಪಲಿಗಳಿದ್ದವು. ಬಗ್ಗಿ ಅವಳ ಕಾಲ ಬಳಿ ಇಟ್ಟರು.

ಅವಳು ಗಾಬರಿಯಿಂದ ಕಾಲು ಹಿಂದಕ್ಕೆಳೆದುಕೊಂಡಳು. “ಅಯ್ಯೋ, ನೀವು ಮುಟ್ಟಬಾರದು. ಮನೆಯೊಳಗೆ ಹೇಗೆ...”

“ಹಾಕ್ಕೋ ತಾಯಿ,” ಎಂದರು ಗುರುಗಳು. “ಹಾಕ್ಕೊಂಡು ಕೂತು, ಆ ಅಜ್ಜೀನ ಚಿತ್ರದ ಒಳಗೆ ಕರಿ.”