ಕುಂಬಾರಗೇರಿಯ ಖಾಲಿ ಮಣೆ

“ಗುರುಗಳೇ, ಸದನದೊಳಗಿನ ಶಿಸ್ತು ಸದನಕ್ಕೆ ಸೇರಿದ್ದಲ್ಲವೇ? ನಾವು ಹೊರಗೆ ಕಳಿಸಿದವನು ನ್ಯಾಯಾಲಯದ ಬಾಗಿಲು ತಟ್ಟಿದರೆ, ನ್ಯಾಯಾಲಯ ಯಾಕೆ ತೆರೆಯಬೇಕು?”

ಹೀಗೆ ಕೇಳಿದವನು ಚನ್ನವೀರ. ಹಿಂದೆ ಗುರುಗಳ ಬಳಿ ಓದಿದವನು, ಈಗ ಶಾಸನಸಭೆಯ ಅಧ್ಯಕ್ಷ. ಒಬ್ಬ ಸದಸ್ಯ ಮೂರು ದಿನ ಸದನವನ್ನು ನಡೆಯಗೊಟ್ಟಿರಲಿಲ್ಲ. ಅವನನ್ನು ಒಂದು ವರ್ಷ ಅಮಾನತಿನಲ್ಲಿಡುವ ಠರಾವು ಸಿದ್ಧವಾಗಿತ್ತು. ಮರುದಿನ ಅದನ್ನು ಮಂಡಿಸುವುದಿತ್ತು.

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಂಬತ್ತು ಕೇರಿಗಳಿದ್ದವು. ಪ್ರತಿ ಅಮಾವಾಸ್ಯೆಯಂದು ಬೆಳಿಗ್ಗೆ ಕೇರಿಗೊಬ್ಬನಂತೆ ಒಂಬತ್ತು ಜನ ಚಾವಡಿಯಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಮಣೆ. ಆ ಕೂಟದ ಯಜಮಾನ ಒಬ್ಬ ಜವಳಿ ವರ್ತಕ. ಅವನ ಮುಂದೆ ಒಂದು ಗಂಟೆ ಇರುತ್ತಿತ್ತು. ಗಂಟೆ ಬಾರಿಸಿದರೆ ಮಾತಾಡುತ್ತಿದ್ದವನು ನಿಲ್ಲಿಸಬೇಕು.

ಪಟ್ಟಣಕ್ಕೆ ಇದ್ದುದು ಒಂದೇ ಕೆರೆ. ಕುಂಬಾರರು ಅದರಿಂದ ಮಣ್ಣು ತೆಗೆಯುತ್ತಿದ್ದರು. ಬಣ್ಣಗಾರರು ಅದರಲ್ಲಿ ನೂಲು ತೊಳೆಯುತ್ತಿದ್ದರು. ನೀರು ಕದಡಿ ನೂಲಿನ ಬಣ್ಣ ಕೆಡುತ್ತಿದೆ, ಇನ್ನು ಕೆರೆಯ ಮಣ್ಣು ಮುಟ್ಟಬಾರದೆಂದು ಕಟ್ಟಳೆ ಮಾಡಿ ಎಂದು ಬಣ್ಣಗಾರರು ಕೇಳಿದರು. ಆ ಕಟ್ಟಳೆ ಬಂದರೆ ಮುನ್ನೂರು ಮನೆಗಳಲ್ಲಿ ಮಡಕೆ ಮಾಡುವ ತಿಗರಿ ನಿಲ್ಲುತ್ತಿತ್ತು.

ಕುಂಬಾರಗೇರಿಯ ಸದಸ್ಯ ಎದ್ದು ನಿಂತ. ಸರದಿ ಅವನದಾಗಿರಲಿಲ್ಲ. ಯಜಮಾನ ಗಂಟೆ ಬಾರಿಸಿದ. ಅವನು ಕೂರಲಿಲ್ಲ. ಮತ್ತೆ ಬಾರಿಸಿದ. ಆಗ ಕುಂಬಾರ ಮುಂದೆ ಬಂದು, ಆ ಗಂಟೆಯನ್ನು ಎತ್ತಿಕೊಂಡು ಹೋಗಿ ತನ್ನ ಮಡಿಲಲ್ಲಿಟ್ಟುಕೊಂಡು ಕುಳಿತ.

“ನೀರು ಕುಡಿಯಲು ಗಡಿಗೆ ಬೇಕು, ಗಡಿಗೆ ಮಾಡುವವನ ಮಾತು ಮಾತ್ರ ಬೇಡವೇ, ಯಜಮಾನರೇ?” ಎಂದ.

ಇಬ್ಬರು ಮೂವರು ನಕ್ಕುಬಿಟ್ಟರು. ಯಜಮಾನನಿಗೆ ಆ ನಗು ಹೆಚ್ಚು ಚುಚ್ಚಿತು. ಅವನು ಉಳಿದವರ ಒಪ್ಪಿಗೆ ಪಡೆದು, ಕುಂಬಾರ ಒಂದು ವರ್ಷ ಚಾವಡಿ ಹತ್ತಕೂಡದೆಂದು ವಿಧಿಸಿದ. ಕೆರೆಯ ವಿಷಯ ಮುಂದಿನ ಅಮಾವಾಸ್ಯೆಗೆ ಹೋಯಿತು.

ಕೇರಿಯ ಹುಡುಗರು ಚಾವಡಿಗೆ ನುಗ್ಗೋಣ ಎಂದರು. ಹಿರಿಯಳೊಬ್ಬಳು ಅವರನ್ನು ತಡೆದಳು. ನುಗ್ಗಿದರೆ ಯಜಮಾನ ಮಾಡಿದ್ದೇ ಸರಿ ಎಂದಾಗುತ್ತದೆ, ನ್ಯಾಯಾಧೀಶನ ಬಳಿ ಹೋಗಿ ಎಂದಳು. ಅವರು ಹೋದರು.

ಯಜಮಾನನೂ ಬಂದ. ಚಾವಡಿಯೊಳಗೆ ಚಾವಡಿಯ ಮಾತೇ ಕೊನೆ, ಅರಸನು ಕೂಡ ಅದರ ಮೆಟ್ಟಿಲು ಕೇಳಿ ಹತ್ತುತ್ತಾನೆ, ಇಲ್ಲಿ ವಿಚಾರಣೆಗೆ ಏನೂ ಇಲ್ಲ ಎಂದ. ನ್ಯಾಯಾಧೀಶ ಬಹಳಷ್ಟನ್ನು ಒಪ್ಪಿದ. ಯಾರು ಯಾವಾಗ ಮಾತಾಡಬೇಕು, ಯಾರು ಕೂರಬೇಕು ಎಂಬುದು ನಿಮ್ಮದೇ, ಗಂಟೆ ಕಿತ್ತುಕೊಂಡದ್ದು ತಪ್ಪೇ ಎಂದ. ಆಮೇಲೆ ಒಂದು ಸಂಗತಿ ಕೇಳಿದ. ನಿಮ್ಮಲ್ಲಿ ಸದಸ್ಯನೊಬ್ಬ ತೀರಿಕೊಂಡರೆ ಏನು ಮಾಡುತ್ತೀರಿ?

ಯಜಮಾನ ಹೆಮ್ಮೆಯಿಂದಲೇ ಹೇಳಿದ. ಅವನ ಮಣೆಯನ್ನು ಬೋರಲು ಹಾಕುತ್ತೇವೆ. ಹನ್ನೊಂದು ದಿನದೊಳಗೆ ಆ ಕೇರಿ ಬೇರೊಬ್ಬನನ್ನು ಕಳಿಸುತ್ತದೆ. ಅಲ್ಲಿಯವರೆಗೆ ಆ ಕೇರಿಯ ಯಾವ ವಿಷಯವನ್ನೂ ತೀರ್ಮಾನಿಸುವುದಿಲ್ಲ. ಇದು ಅಜ್ಜಂದಿರ ಕಾಲದ ಪದ್ಧತಿ.

“ಈ ಕುಂಬಾರನ ಮಣೆ?”

“ಅವನು ಬದುಕಿದ್ದಾನಲ್ಲ ಸ್ವಾಮಿ. ಮಣೆ ಅವನದೇ. ಬೇರೆಯವರು ಕೂರುವಂತಿಲ್ಲ.”

“ಹಾಗಾದರೆ ಅವನು ಸತ್ತಿದ್ದರೆ ಅವನ ಕೇರಿಗೆ ಎಷ್ಟೋ ಮೇಲಾಗುತ್ತಿತ್ತು” ಎಂದ ನ್ಯಾಯಾಧೀಶ.

ಯಜಮಾನ ಸಿಟ್ಟಿನ ಮನುಷ್ಯನಾಗಿದ್ದ, ಕೆಟ್ಟವನಾಗಿರಲಿಲ್ಲ. ಇಷ್ಟು ದಿನ ಅವನ ಕಣ್ಣಿಗೆ ಕಂಡಿದ್ದು ಗಂಟೆ ಕಿತ್ತುಕೊಂಡ ಒಬ್ಬನೇ ಒಬ್ಬ.

ಆ ದಿನದ ಕೂಟದಿಂದ ಕುಂಬಾರನನ್ನು ಹೊರಗೆ ಹಾಕಿದ್ದು ಸರಿ, ಅದರಾಚೆಯ ಶಿಕ್ಷೆ ನಿಲ್ಲದು ಎಂದು ತೀರ್ಪಾಯಿತು.

ಅಮಾವಾಸ್ಯೆಯಂದು ಕುಂಬಾರ ಬಂದ. ಮೊದಲು ತನ್ನ ಒರಟುತನಕ್ಕೆ ಕ್ಷಮೆ ಕೇಳಿದ. ಸರದಿ ಬರುವವರೆಗೆ ಕಾದ. ಸರದಿ ಬಂದಾಗ, ಯಾರೂ ಯೋಚಿಸದಿದ್ದ ಮಾತೊಂದನ್ನು ಹೇಳಿದ. ಮಳೆಗಾಲದಲ್ಲಿ ಕೆರೆಗೆ ಎಷ್ಟು ಹೂಳು ಬರುತ್ತದೋ ಹೆಚ್ಚುಕಡಿಮೆ ಅಷ್ಟನ್ನೇ ಕುಂಬಾರರು ತೆಗೆಯುತ್ತಾರೆ. ಅವರು ನಿಲ್ಲಿಸಿದರೆ ಹತ್ತು ವರ್ಷದಲ್ಲಿ ನೂಲು ತೊಳೆಯಲು ಕೆರೆಯೇ ಇರುವುದಿಲ್ಲ.

ಬಣ್ಣಗಾರರ ಕೇರಿಯ ಸದಸ್ಯ ಅವನತ್ತ ತಿರುಗಿದ. ಹಾಗಿದ್ದರೆ ನೀರು ಕದಡದಂತೆ ತೆಗೆಯುವುದು ಹೇಗೆ, ಅದನ್ನಾದರೂ ಹೇಳು ಮಾರಾಯ ಎಂದ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಮೇಲೆ ಆಚೆ ದಡದಲ್ಲಿ ತೆಗೆದು ವರ್ಷಕ್ಕಾಗುವಷ್ಟು ಕೂಡಿಡುತ್ತೇವೆ, ಬಣ್ಣದ ತಿಂಗಳುಗಳಲ್ಲಿ ಕೆರೆಗೆ ಇಳಿಯುವುದಿಲ್ಲ ಎಂದ ಕುಂಬಾರ. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಒಂಬತ್ತು ಜನರೂ ಒಪ್ಪಿದರು. ಆ ಕಟ್ಟಳೆಯನ್ನು ಯಜಮಾನನೇ ಓದಿ ಹೇಳಿದ. ಅವನ ದನಿಯಲ್ಲಿ ಸೋತವನ ಕಹಿ ಇರಲಿಲ್ಲ.

ಕತೆ ಮುಗಿಯಿತು. ನಾಳೆಯ ಠರಾವು ಚನ್ನವೀರನ ಮನಸ್ಸಿನಲ್ಲಿ ಇನ್ನೂ ಇತ್ತು.

“ಹಾಗಾದರೆ ಸದನ ಕೆಡಿಸುವವನನ್ನೂ ನಾನು ಹೊರಗೆ ಕಳಿಸಬಾರದೇ?” ಎಂದು ಕೇಳಿದ.

ಗುರುಗಳು ಹೇಳಿದರು: “ಕಳಿಸು, ಆದರೆ ಅವನ ಹಿಂದೆ ಅವನ ಕ್ಷೇತ್ರದ ಎಷ್ಟು ಮಂದಿ ಎದ್ದು ಹೊರಗೆ ನಡೆಯುತ್ತಾರೆಂದು ಬಾಗಿಲಲ್ಲಿ ನಿಂತು ಎಣಿಸು.”